ಹಿಂದೆ ಮುಖ ಮಾಡಿದ ಸೀಟು

ಹೆಂಡತಿ ಕಾರು ಓಡಿಸುವಾಗ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಯಾವ ಗಂಡನಿಗೂ ಕಷ್ಟವೇ. ಆ ಗಂಡ ಹೈಸ್ಕೂಲಿನಲ್ಲಿ ಬದುಕಿಡೀ ಡ್ರೈವಿಂಗ್ ಕಲಿಸಿದ ಮೇಷ್ಟರಾಗಿದ್ದರಂತೂ ಅದು ಯಮಲೋಕದ ಪ್ರತ್ಯೇಕ ಇಲಾಖೆಯೇ ಸರಿ. ಹರ್ಶೆಲ್ ಪ್ರುಯಿಟ್ ಮೇಷ್ಟರು ಕಳೆದ ಕ್ರಿಸ್‌ಮಸ್‌ನಿಂದ ಆ ಇಲಾಖೆಯ ಕಾಯಂ ನಿವಾಸಿ.

ಆದದ್ದಿಷ್ಟು. ಒಹಾಯೊದ ಚಳಿಗೆ ಹೆದರಿ ಗಂಡ ಹೆಂಡತಿ ಫ್ಲಾರಿಡಾದ ಹೆರಾನ್ ಪಾಯಿಂಟ್ ಎಂಬ ನಿವೃತ್ತರ ಬಡಾವಣೆಗೆ ಬಂದು ಸೇರಿದ್ದರು. ಒಂದು ಬೆಳಿಗ್ಗೆ ಮೇಷ್ಟರು ಬ್ರೇಕ್ ಎಂದುಕೊಂಡು ಇನ್ನೊಂದನ್ನು ಒತ್ತಿ, ದಂತವೈದ್ಯರ ಗುಲಾಬಿ ಬೇಲಿಯೊಳಗೆ ಕಾರು ಸಮೇತ ಗೃಹಪ್ರವೇಶ ಮಾಡಿದರು. (ಹಲ್ಲಿಗೆ ಏನೂ ಆಗಲಿಲ್ಲ. ಗುಲಾಬಿಗೆ ಆಯಿತು.) ಆಮೇಲೆ ಕಣ್ಣಿನ ಪರೀಕ್ಷೆ, ಅದರಲ್ಲಿ ನಪಾಸು, ಲೈಸೆನ್ಸು ವಾಪಸು. "ಗಾಡಿ ಹೊರಡಿಸೋ ಮುಂಚೆ ಹಿಂದೆ ತಿರುಗಿ ನೋಡು!" ಎಂದು ಒಂದು ಊರಿನ ಅರ್ಧ ಮಕ್ಕಳನ್ನು ಗದರಿಸಿ ಕಲಿಸಿದ ಮನುಷ್ಯ, ಈಗ ಕ್ಷೌರಕ್ಕೆ ಹೋಗಬೇಕಾದರೂ "ರೋವೀನಾ, ಪುರುಸೊತ್ತಾ?" ಎಂದು ಹೆಂಡತಿಯ ಮುಖ ನೋಡಬೇಕಾಯಿತು. ಮಂಗಳವಾರದ ಗೆಳೆಯರ ತಿಂಡಿಕೂಟಕ್ಕೆ ಆಕೆಯೇ ಬಿಟ್ಟು, ಆಕೆಯೇ ಬಂದು ಕರೆದೊಯ್ಯುವುದು. ಗೆಳೆಯ ಚೆಟ್ ಕಿಟಕಿಯಿಂದ ನೋಡಿ, "ಬಂತಪ್ಪಾ ನಿನ್ನ ಸ್ಕೂಲ್ ಬಸ್ಸು" ಎಂದ ದಿನ ಮೇಷ್ಟರಿಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಪರಿಹಾರ ಕಣ್ಣೆದುರೇ ಓಡಾಡುತ್ತಿತ್ತು. ಹೆರಾನ್ ಪಾಯಿಂಟಿನಲ್ಲಿ ಜನ ಚರ್ಚಿಗೆ, ಔಷಧಿ ಅಂಗಡಿಗೆ, ಕೊನೆಗೆ ಮೂರು ಮನೆ ಆಚೆಗಿನ ಬೀಗರ ಮನೆಗೂ ಹೋಗುವುದು ಗಾಲ್ಫ್ ಗಾಡಿಯಲ್ಲಿ. ಅದಕ್ಕೇ ಬೇರೆ ದಾರಿ, ಹೆದ್ದಾರಿಯ ಕೆಳಗೆ ಅದಕ್ಕೇ ಸುರಂಗ. ಕರೆಂಟಿನ ಗಾಡಿ, ಸದ್ದಿಲ್ಲ, ಹೊಗೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಲೈಸೆನ್ಸು ಬೇಕಿಲ್ಲ!

"ಕೊಳ್ಳೋಣ" ಎಂದರು ರೋವೀನಾ. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೇ ಮೇಷ್ಟರಿಗೆ ಅನುಮಾನ ಬರಬೇಕಿತ್ತು. "ಆದರೆ ಒಂದು ಮಾತು ರೀ. ಒಂದೇ ಒಂದು ಅವಾಂತರ ಆದರೂ ಕೀಲಿ ನನ್ನ ಕೈಗೆ. ಆಮೇಲೆ ಗುಲಾಬಿ ಗಿಡ ಅಡ್ಡ ಬಂತು, ಸೂರ್ಯ ಕಣ್ಣಿಗೆ ಹೊಡೆದ ಅನ್ನೋ ಕಥೆ ನಡೆಯಲ್ಲ."

"ನಾನು ಯಾರು ಗೊತ್ತೇನೇ? ಡ್ರೈವಿಂಗ್ ಮೇಷ್ಟರು!"

"ಗೊತ್ತು. ದಂತವೈದ್ಯರಿಗೂ ಗೊತ್ತು."

ಅಂಗಡಿಯಲ್ಲಿ ಕ್ಯಾಂಡಿಸ್ ಎಂಬ ನಗುಮುಖದ ಹುಡುಗಿ ಮೂರು ಮಾದರಿ ತೋರಿಸಿದಳು. ಮೊದಲನೆಯದು 'ಸೆನೆಟರ್'. ಚರ್ಮದ ಸೀಟು, ತಂಪು ಪಾನೀಯಕ್ಕೆ ಪೆಟ್ಟಿಗೆ, ಎದುರಿಗೆ ಟಿವಿಯಷ್ಟು ದೊಡ್ಡ ಪರದೆ. "ಬ್ರೆಡ್ಡು ತರೋಕೆ ಹೋಗೋರಿಗೆ ಇದ್ಯಾಕೆ? ಮೂಗಿಗಿಂತ ಮೂಗುತಿ ಭಾರ" ಎಂದು ರೋವೀನಾ ಅದನ್ನು ತಳ್ಳಿಹಾಕಿದರು. ಎರಡನೆಯದು 'ಮಡ್ ಬುಲ್'. ಸೊಂಟದೆತ್ತರದ ಗಾಲಿ, ಮುಂದೆ ಕಬ್ಬಿಣದ ಕೊಂಬು. ಮೇಷ್ಟರ ಮನಸ್ಸು ಅಲ್ಲೇ ಜಾರಿತು.

"ಎಂಥ ಬೆಟ್ಟ ಬೇಕಾದ್ರೂ ಹತ್ತುತ್ತೆ ಸರ್" ಎಂದಳು ಕ್ಯಾಂಡಿಸ್.

"ಫ್ಲಾರಿಡಾದಲ್ಲಿ ಬೆಟ್ಟ ಎಲ್ಲಿದೆ ಕಂದಾ?" ಎಂದು ರೋವೀನಾ ಕೇಳಿದರು. ಕೇಳಿ, ಗಂಡನ ಆಸೆಗೆ ಯಾಕೆ ಕಲ್ಲು ಹಾಕಲಿ ಎಂದು ಒಂದು ಕಾಲು ಮೇಲಿಟ್ಟೂ ನೋಡಿದರು. ಇನ್ನೊಂದು ಕಾಲು ಭೂಮಿ ಬಿಟ್ಟು ಬರಲೊಲ್ಲದು. ತ್ರಿವಿಕ್ರಮನ ಭಂಗಿಯಲ್ಲಿ ನಿಂತ ಆಕೆಯನ್ನು ಇಳಿಸಲು ಮೇಷ್ಟರು, ಕ್ಯಾಂಡಿಸ್ ಮತ್ತು ಒಂದು ಸ್ಟೂಲು ಬೇಕಾದವು. ಮಡ್ ಬುಲ್ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಮೂರನೆಯ 'ನೆಬರ್'. ಹೆಸರಿಗೆ ತಕ್ಕ ಸಾಧು ಗಾಡಿ.

"ಬ್ಯಾಟರಿ ನೀರು ಹಾಕೋದು ಬೇಕಾ, ಹಾಕದೇ ಇರೋದಾ?"

"ಹಾಕದೇ ಇರೋದೇ ಕೊಡಮ್ಮ. ಇವರು ಕುಂಡದ ಗಿಡಗಳಿಗೇ ನೀರು ಹಾಕೋದು ಮರೀತಾರೆ."

"ಹಿಂದಿನ ಸೀಟು ಮುಂದೆ ಮುಖ ಮಾಡಿರೋದಾ, ಹಿಂದೆ ಮುಖ ಮಾಡಿರೋದಾ?"

"ಹಿಂದೆ ಮುಖ ಮಾಡಿರೋದೇ ಇರಲಿ" ಎಂದರು ರೋವೀನಾ, ಯೋಚನೆಯನ್ನೇ ಮಾಡದೆ. "ಇವರು ಎಲ್ಲಿಗೆ ನುಗ್ತಾರೆ ಅಂತ ನೋಡೋ ಧೈರ್ಯ ನನಗಿಲ್ಲ. ದಾಟಿ ಬಂದ ದಾರಿ ಕಂಡರೆ ಸಾಕು. ಅಷ್ಟು ದೂರ ಬದುಕಿ ಬಂದ್ವಲ್ಲ ಅಂತ ಸಮಾಧಾನ."

ಇನ್ನು ಬಣ್ಣ. ನಿಜವಾದ ಯುದ್ಧ ಹತ್ತಿದ್ದು ಇಲ್ಲೇ. ಹೆರಾನ್ ಪಾಯಿಂಟಿನ ಮನೆಗಳೆಲ್ಲ ಮರಳು ಬಣ್ಣದವು. ಹಾಗೇ ಇರಬೇಕೆಂದು ಬಡಾವಣೆಯ ಸಂಘದ ಕಟ್ಟಪ್ಪಣೆ. ಗಾಡಿಯ ಬಣ್ಣಕ್ಕೆ ಮಾತ್ರ ಕಟ್ಟುಪಾಡಿಲ್ಲ. ಹಾಗಾಗಿ ರೋವೀನಾಗೆ ಫ್ಲೆಮಿಂಗೊ ಹಕ್ಕಿಯ ಗಾಢ ಗುಲಾಬಿ ಬೇಕು. ತುದಿಯಲ್ಲೊಂದು ಬಾವುಟವೂ ಬೇಕು.

"ಮೇಷ್ಟರು ಫ್ಲೆಮಿಂಗೊ ಮೇಲೆ ಹೋಗೋದಾ? ಚೆಟ್ ನನ್ನನ್ನ ಬದುಕೋಕೆ ಬಿಡ್ತಾನೇನೇ?"

"ಸಾವಿರ ಗಾಡಿ ಮಧ್ಯೆ ನಮ್ಮದು ಯಾವುದು ಅಂತ ಗೊತ್ತಾಗಬೇಡ್ವಾ?"

"ತನ್ನ ಗಾಡಿ ತನಗೇ ಗೊತ್ತಾಗದವನು ಡ್ರೈವರ್ರೇ ಅಲ್ಲ" ಎಂದು ತೀರ್ಪು ಕೊಟ್ಟ ಮೇಷ್ಟರು, ಕ್ಯಾಂಡಿಸ್ ಕಡೆ ತಿರುಗಿ, "ಎಲ್ಲಕ್ಕಿಂತ ಜಾಸ್ತಿ ಹೋಗೋದು ಯಾವ ಬಣ್ಣಮ್ಮಾ?" ಎಂದು ಕೇಳಿದರು.

"ಮರಳು ಬಣ್ಣ ಸರ್. ಹತ್ತಿರಹತ್ತಿರ ಎಲ್ಲರೂ ಅದನ್ನೇ ತಗೋತಾರೆ. ಇನ್ನೊಂದು ಅನುಕೂಲ ಏನಂದ್ರೆ, ನೆಬರ್ ಗಾಡಿಗೆಲ್ಲಾ ಒಂದೇ ಥರದ ಕೀಲಿ. ನಿಮ್ಮದು ಕಳೆದರೆ ಪಕ್ಕದ ಮನೇದು ಇಸ್ಕೊಂಡ್ರಾಯ್ತು."

"ನೋಡಿದ್ಯಾ! ಎಂಥ ಬುದ್ಧಿವಂತ ಕಂಪನಿ!" ಎಂದು ಮೇಷ್ಟರು ಹಿಗ್ಗಿದರು. ರೋವೀನಾ "ಹುಂ" ಎಂದರು. ಸಂಸಾರ ಮಾಡಿದವರಿಗೆ ಆ "ಹುಂ"ನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮರಳು ಬಣ್ಣದ ಗಾಡಿ ಮನೆಗೆ ಬಂದ ಮೇಲೆ ಮೇಷ್ಟರಿಗೆ ಎರಡನೇ ಯೌವನ ಬಂತು. ತಾವೇ ಕ್ಷೌರಕ್ಕೆ, ತಾವೇ ಗ್ರಂಥಾಲಯಕ್ಕೆ. ಮಂಗಳವಾರ ತಾವೇ ತಿಂಡಿಕೂಟಕ್ಕೆ. ತಿಂಡಿಕೂಟದಲ್ಲಿ ವೈದ್ಯರು ಹೇಳಿದ ಹಾಗೆ ಸಪ್ಪೆ ಓಟ್ಸ್ ಗಂಜಿ ಕುಡಿದು, ವಾಪಸು ಬರುವಾಗ ಸುರಂಗದ ಪಕ್ಕದ ಅಂಗಡಿಯಲ್ಲಿ ಹೊಟ್ಟೆ ತುಂಬ ಜಾಮ್ ತುಂಬಿದ ಡೋನಟ್ ತಿನ್ನುವುದು. ಸಕ್ಕರೆ ಕಾಯಿಲೆಯವನಿಗೆ ಕದ್ದು ತಿನ್ನುವ ಡೋನಟ್ಟಿನಷ್ಟು ಸಿಹಿ ಈ ಲೋಕದಲ್ಲಿ ಬೇರೊಂದಿಲ್ಲ.

ಹೀಗಿರಲು ಒಂದು ಶನಿವಾರ ಇಬ್ಬರೂ ದೊಡ್ಡ ಅಂಗಡಿಗೆ ಹೋದರು. ರೋವೀನಾ ಹಿಂದಿನ ಸೀಟಿನಲ್ಲಿ ಅಗಲ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಒಹಾಯೊದ ತಂಗಿಯ ಜೊತೆ ಫೋನಿನಲ್ಲಿ ಮುಳುಗಿದ್ದರು. "ಒಳಗೆ ಚಳಿ, ನೀವೇ ಹೋಗಿ ಬನ್ನಿ" ಎಂದು ಕೈಸನ್ನೆ ಮಾಡಿದರು. ಮೇಷ್ಟರು ಬನ್ನು, ಸಾಸೇಜು, ಐಸ್ ಮೂಟೆ ಹಿಡಿದು ಹೊರಗೆ ಬಂದು, ಹಿಂದುಗಡೆ ಅಗಲ ಟೋಪಿ ಕಂಡದ್ದೇ ಸಾಮಾನನ್ನು ಪಕ್ಕಕ್ಕೆ ಹಾಕಿ ಕೀಲಿ ತಿರುಗಿಸಿದರು.

"ಹೊರಡೋಣ್ವಾ?"

"ಹ್ಞೂಂ."

ಫೋನು ಮುಗಿದಂತಿತ್ತು. ಸುರಂಗ ದಾಟಿದರೂ ಹಿಂದಿನಿಂದ "ನಿಧಾನ ರೀ" ಇಲ್ಲ, "ಬಾತುಕೋಳಿ ರೀ" ಇಲ್ಲ. ಮದುವೆಯಾದಾಗಿನಿಂದ ಇಂಥ ಮೌನ ಅವರು ಕಂಡಿದ್ದೇ ಇಲ್ಲ. ಬಾಯಿ ತಾನಾಗಿ ಸಡಿಲವಾಯಿತು.

"ಇವತ್ತು ನಿನ್ನ ಮನಸ್ಸು ಚೆನ್ನಾಗಿರೋ ಹಾಗಿದೆ, ಒಂದು ವಿಷಯ ಹೇಳಿಬಿಡ್ತೀನಿ ಕಣೇ. ಮಂಗಳವಾರ ನಾನು ಡೋನಟ್ ತಿಂತೀನಿ. ಒಂದು. ಸರಿ, ಎರಡು. ಜಾಮ್ ಇರೋದು."

ಹಿಂದೆ ಸಿಡಿಲು ಬಡಿಯಲಿಲ್ಲ. "ಹ್ಞೂಂ" ಎಂದಷ್ಟೇ ಬಂತು. ಮೇಷ್ಟರು ಗಾಡಿಯ ವೇಗ ಇಳಿಸಿದರು.

"ಲೈಸೆನ್ಸು ಹೋದ ದಿನ ನಾನು ಗ್ಯಾರೇಜಿನಲ್ಲಿ ಕಾರೊಳಗೆ ಸುಮ್ನೆ ಕೂತಿದ್ನಲ್ಲ, ನೀನು ಬಂದು ಪಕ್ಕದಲ್ಲಿ ಕೂತೆ. ಒಂದು ಮಾತೂ ಆಡಲಿಲ್ಲ. ಸ್ಯಾಂಡ್‌ವಿಚ್ ಅರ್ಧ ಮುರಿದು ಕೊಟ್ಟೆ. ಅವತ್ತು ನಾನು ಇನ್ನು ಯಾವ ಕೆಲಸಕ್ಕೂ ಬಾರದ ಮುದುಕ ಅನ್ನಿಸಿ ಅಳು ಬಂದಿತ್ತು ಕಣೇ. ನೀನಿದ್ದೆ ಅಂತ ತಡಕೊಂಡೆ. ಈಗಲೂ ನೀನು ಹಿಂದೆ ಕೂತು ಬೈತಾ ಇದ್ರೇನೇ ನನಗೆ ಧೈರ್ಯ. ಒಬ್ಬನೇ ಹೋದಾಗ ಒಂದೊಂದು ಸಲ ಭಯ ಆಗುತ್ತೆ. ಇದನ್ನೆಲ್ಲ ಹೇಳೋಕೆ ನನಗೆ ಬರಲ್ಲ. ನಿನಗೆ ಗೊತ್ತಲ್ಲ."

ಹೇಳುತ್ತ ಹೇಳುತ್ತ ಮನೆ ಬಂತು. ಮೇಷ್ಟರು ಕಣ್ಣೊರೆಸಿಕೊಂಡು, ಇಳಿದು, ಹೆಂಡತಿಗೆ ಕೈ ಕೊಡಲು ಹಿಂದೆ ಬಂದರು. ಟೋಪಿಯ ಕೆಳಗೆ ತೊಂಬತ್ತು ದಾಟಿದ ಒಂದು ಬೊಚ್ಚುಬಾಯಿ ಅವರನ್ನೇ ನೋಡಿ ನಗುತ್ತಿತ್ತು.

"ಯಾಕಪ್ಪಾ ನಿಲ್ಲಿಸಿಬಿಟ್ಟೆ? ಚೆನ್ನಾಗಿ ಹೇಳ್ತಿದ್ದೆ" ಎಂದಿತು ಅಜ್ಜಿ.

ಮೇಷ್ಟರು ಎರಡು ಹೆಜ್ಜೆ ಹಿಂದೆ ಸರಿದರು. "ನೀ... ನೀವು ಯಾರು?"

"ಓಪಲ್ ಅಂತ. ಅಳಿಯ ಡ್ವೈನ್ ಅಂಗಡಿ ಒಳಗೆ ಹೋಗಿದ್ದ. ನೀನು ಅವನಲ್ಲ ಅಂತ ಬಾಯಿ ಬಿಟ್ಟ ಕೂಡಲೇ ಗೊತ್ತಾಯ್ತು. ಡ್ವೈನ್ ಮಾತೇ ಆಡಲ್ಲ. ನಮ್ಮೆಜಮಾನರು ಹೋದ ಮೇಲೆ ನನ್ನ ಹತ್ತಿರ ಇಷ್ಟು ಹೊತ್ತು ಮಾತಾಡಿದೋನು ನೀನೇ ನೋಡು. ನಡುವೆ ಬಾಯಿ ಹಾಕಿ ಯಾಕೆ ಕೆಡಿಸಲಿ?"

ಮೇಷ್ಟರು ಕೈ ಜೋಡಿಸಿದರು. "ಅಮ್ಮಾ, ನಿಮ್ಮನ್ನ ಸದ್ದಿಲ್ಲದೆ ವಾಪಸು ಬಿಟ್ಟುಬರ್ತೀನಿ. ನನ್ನ ಹೆಂಡತಿಗೆ ಮಾತ್ರ ಈ ವಿಷಯ ಗೊತ್ತಾಗಬಾರದು. ಗೊತ್ತಾದ್ರೆ ನನ್ನ ಕೀಲಿ ಹೋಗುತ್ತೆ."

"ನನ್ನ ಬಾಯಿಗೆ ಬೀಗ" ಎಂದು ಓಪಲ್ ತುಟಿ ಬಿಗಿದರು.

ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಇನ್ನೊಂದು ಮರಳು ಬಣ್ಣದ ಗಾಡಿ ಕಾಣಿಸಿತು. ಓಡಿಸುತ್ತಿದ್ದವನು ಬೆವೆತು ಹೋದ ಒಬ್ಬ ಗಟ್ಟಿ ಆಸಾಮಿ. ಹಿಂದೆ ಸಿಂಹಾಸನದಲ್ಲಿ ಕೂತಂತೆ ರೋವೀನಾ!

"ಇವರು ಡ್ವೈನ್" ಎಂದು ಇಳಿಯುತ್ತ ಪರಿಚಯ ಮಾಡಿಸಿದರು. "ತಮ್ಮ ಗಾಡಿ ಅಂತ ನಮ್ಮದನ್ನ ಹತ್ತಿದ್ರು. ನಾನು ಫೋನಲ್ಲಿದ್ದೆ, ಗಮನಿಸಲಿಲ್ಲ. ಮೊದಲನೇ ತಿರುವಿನಲ್ಲಿ ಗಾಡಿ ಪೂರ್ತಿ ನಿಂತು, ಕೈ ತೋರಿಸಿ, ಆಮೇಲೆ ತಿರುಗಿತು ನೋಡಿ, ಇದು ನನ್ನ ಗಂಡ ಅಲ್ಲ ಅಂತ ಆಗ ಗೊತ್ತಾಯ್ತು. ನಮ್ಮ ಮನೆಗೇ ಬಿಡಪ್ಪಾ, ಅವರ ಮುಖ ನೋಡಬೇಕು ಅಂದೆ."

ಮೇಷ್ಟರ ಮುಖ ನೋಡುವಂತೆಯೇ ಇತ್ತು. ಓಪಲ್ ಅಜ್ಜಿಯ ಬೀಗ ಅದೇ ಕ್ಷಣ ಕಳಚಿ ಬಿತ್ತು.

"ನೀನೇನಾ ರೋವೀನಾ? ಪುಣ್ಯವಂತೆ ಕಣೇ ನೀನು! ದಾರಿಯುದ್ದಕ್ಕೂ ನಿನ್ನದೇ ಜಪ. ಗ್ಯಾರೇಜಿನಲ್ಲಿ ಸ್ಯಾಂಡ್‌ವಿಚ್ ಕೊಟ್ಟಿದ್ದು, ನೀನು ಬೈದ್ರೇನೇ ಧೈರ್ಯ ಅಂದಿದ್ದು, ನನಗೇ ಕಣ್ಣಲ್ಲಿ ನೀರು ಬಂತು. ಆ ಡೋನಟ್ ವಿಷಯಕ್ಕೆ ಮಾತ್ರ ಬೈಬೇಡಮ್ಮ. ಎರಡೇ ತಿನ್ನೋದಂತೆ, ಪಾಪ."

ಮುಂದಿನ ಸೀಟಿನ ಮೇಲಿದ್ದ ಐಸ್ ಮೂಟೆ ತೊಟ್ಟಿಕ್ಕುತ್ತಿತ್ತು. ರೋವೀನಾ ಟೋಪಿ ಸರಿಮಾಡಿಕೊಂಡು ಗಂಡನ ಕಡೆ ತಿರುಗಿದರು. ಆಕೆಯ ಗಲ್ಲ ಸ್ವಲ್ಪ ನಡುಗಿದ್ದನ್ನು ಮೇಷ್ಟರು ಕಂಡರೋ ಇಲ್ಲವೋ. ಆಮೇಲೆ ಆಕೆ ಸುಮ್ಮನೆ ಅಂಗೈ ಚಾಚಿದರು. ಮೇಷ್ಟರು ಕೀಲಿಯನ್ನು ಅದರ ಮೇಲಿಟ್ಟು ಒಳಗೆ ನಡೆದರು. ಭಾನುವಾರ ಅವರು ಕಿಟಕಿಯ ಬಳಿ ಕೂತು ಬೀದಿಯ ಗಾಡಿಗಳನ್ನು ನೋಡುತ್ತಿದ್ದರೇ ವಿನಾ ಸಾಸೇಜನ್ನೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ರೋವೀನಾ ಗಾಡಿ ತೆಗೆದುಕೊಂಡು ಹೋದವರು ಸಂಜೆಗೆ ಬಂದರು. ಗಾಡಿಯ ಮೈಗೆಲ್ಲ ಗಾಢ ಗುಲಾಬಿ ಹಾಳೆ ಅಂಟಿಸಿತ್ತು. ಮುಂದೆ ಫ್ಲೆಮಿಂಗೊ ಕತ್ತು. ಮೇಲೆ ತೆಂಗಿನ ಗರಿಯಷ್ಟು ಉದ್ದದ ಬಾವುಟ.

"ತಗೊಳ್ಳಿ" ಎಂದು ಕೀಲಿಯನ್ನು ಗಂಡನ ಕೈಗೆ ಹಾಕಿ ಬೆರಳು ಮಡಚಿದರು. "ನಾಳೆ ಮಂಗಳವಾರ. ನಿಮ್ಮ ಗಾಡಿ, ನೀವೇ ಹೋಗಿ."

"ಅವಾಂತರ ಆದ್ರೆ ಕೀಲಿ ನಿನಗೆ ಅಂತ ಮಾತಾಗಿತ್ತಲ್ಲ?"

"ಅವಾಂತರ ಮಾಡಿದ್ದು ಗಾಡಿಯ ಬಣ್ಣ. ನೀವಲ್ಲ" ಎಂದ ರೋವೀನಾ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದರು. ಮೇಷ್ಟರು ಆ ರಾತ್ರಿ ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದರು.

ಮಂಗಳವಾರ ಹೊರಟಾಗ ಬೀದಿಗೆ ಬೀದಿಯೇ ಕೈ ಬೀಸಿತು. ಚೆಟ್ ನಗುತ್ತ ನಗುತ್ತ ಕುರ್ಚಿಯಿಂದ ಬಿದ್ದ. ಬೀಳಲಿ! ಕೀಲಿ ಜೇಬಿನಲ್ಲಿದೆಯಲ್ಲ. ಗಂಜಿ ಮುಗಿಸಿ ಹೊರಟ ಮೇಷ್ಟರು ಅಂಗಡಿ ಹತ್ತಿರವಾಗುತ್ತಿದ್ದಂತೆ ಮನೆಯಲ್ಲಿ ಹೇಳಬೇಕಾದ್ದನ್ನು ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡರು. "ಡೋನಟ್ಟಾ? ಛೆ ಛೆ, ಬಿಟ್ಟೇಬಿಟ್ಟೆ ಕಣೇ. ಆ ಕಡೆ ತಲೆ ಕೂಡ ಹಾಕಲಿಲ್ಲ. ನಿನ್ನಾಣೆ." ಎರಡು ಸಲ ಹೇಳಿದ ಮೇಲೆ ಅದು ತಮಗೇ ನಿಜ ಅನ್ನಿಸಿತು. ಗಾಡಿಯನ್ನು ಅಂಗಡಿಯ ಹಿಂಭಾಗದಲ್ಲಿ ಮರೆಮಾಡಿ ನಿಲ್ಲಿಸಿದರು. ಬಾವುಟ ಮಾತ್ರ ಸೂರಿನ ಮೇಲೆ ಹಾರಾಡುತ್ತಿತ್ತು. ಇಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ರೀ" ಎಂದರು ರೋವೀನಾ. "ಗಾಡಿ ಹೊರಡಿಸೋ ಮುಂಚೆ ಹಿಂದೆ ತಿರುಗಿ ನೋಡಿದ್ರಾ?"

ಮೇಷ್ಟರು ನಿಧಾನವಾಗಿ ತಿರುಗಿದರು. ಹಿಂದೆ ಮುಖ ಮಾಡಿದ ಸೀಟಿನಲ್ಲಿ, ಅಗಲ ಟೋಪಿಯ ಕೆಳಗೆ, ಫೋನನ್ನು ಮಡಿಲಿಗೆ ಇಳಿಸಿಕೊಳ್ಳುತ್ತ ಓಪಲ್ ಅಜ್ಜಿ ಕೂತಿದ್ದರು.

"ಡ್ವೈನ್ ನನ್ನನ್ನ ತಿಂಡಿಕೂಟದ ಹತ್ತಿರ ಬಿಟ್ಟು ಹೋದ. ನಿನ್ನ ಹೆಂಡತಿದೇ ಏರ್ಪಾಡು. ದಾರೀಲಿ ನೀನು ಆಡಿದ್ದೆಲ್ಲ ನನ್ನ ಫೋನಲ್ಲಿ ಅವಳಿಗೂ ಕೇಳಿಸ್ತು" ಎಂದರು. "ಇನ್ಮೇಲೆ ಪ್ರತಿ ಮಂಗಳವಾರ ಬರ್ತೀನಿ. ಒಂದು ಡೋನಟ್ ನಿನಗೆ ಅಂತ ರೋವೀನಾ ಒಪ್ಪಿದ್ದಾಳೆ. ಜಾಮ್ ಇರೋದು ನನಗಂತೆ. ಹೋಗು, ತಗೊಂಡು ಬಾ. ವಾಪಸು ಹೋಗ್ತಾ ಇನ್ನೊಂದು ಸಲ ಹೇಳುವಿಯಂತೆ, 'ಆ ಕಡೆ ತಲೆ ಕೂಡ ಹಾಕಲಿಲ್ಲ' ಅಂತ. ಅದು ಬಹಳ ಚೆನ್ನಾಗಿ ಹೇಳ್ತೀಯಪ್ಪಾ."