ದೊಡ್ಡಮ್ಮನ ಹಿತ್ತಾಳೆ ಸಿಂಹಗಳು

ಎರಡು ಸಿಂಹಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮದುವೆಗೆ ಹೋದ ಹೆಂಗಸು ಇಡೀ ಕೋಲಾರ ಜಿಲ್ಲೆಗೆ ಒಬ್ಬರೇ, ನಮ್ಮ ದೊಡ್ಡಮ್ಮ!

ಗಾಬರಿಯಾಗಬೇಡಿ, ಹಿತ್ತಾಳೆಯವು. ದೊಡ್ಡಪ್ಪನ ತಾತ ಕೋಲಾರದಲ್ಲಿ ಯಾವನೋ ಬಿಳಿ ದೊರೆಯ ಬಂಗಲೆ ಕೊಂಡಾಗ ಹಜಾರದ ಅಗ್ಗಿಷ್ಟಿಕೆಯ ಜೊತೆ ಬಂದವು. ಮುಂದೆ ಸಿಂಹದ ಮುಖ, ಹಿಂದೆ ಕಬ್ಬಿಣದ ಬೆನ್ನು. ಉರಿಯುವ ಸೌದೆ ನೆಲಕ್ಕೆ ತಾಗದಂತೆ ಬೆನ್ನ ಮೇಲೆ ಹೊರುವುದು ಅವುಗಳ ಕೆಲಸ. ಆದರೆ ನಮ್ಮ ಬಿಸಿಲಿನ ಊರಲ್ಲಿ ಮನೆಯೊಳಗೆ ಬೆಂಕಿ ಹಾಕುವವರು ಯಾರು? ಮದುವೆಯಾಗಿ ಬಂದ ದೊಡ್ಡಮ್ಮ ಕೇಸರ, ಕೋರೆಹಲ್ಲು ನೋಡಿದ್ದೇ ಕೈಮುಗಿದುಬಿಟ್ಟರು. ನರಸಿಂಹಸ್ವಾಮಿ! ಅಂದಿನಿಂದ ಅವು ದೇವರಮನೆ ಸೇರಿದವು. ಶನಿವಾರ ಬಂತೆಂದರೆ ಹುಣಸೆಹಣ್ಣು ಹಾಕಿ ಉಜ್ಜುವುದು, ಕುಂಕುಮ, ಹೂವು, ಪಾನಕ.

"ಅದು ಒಲೆ ಸಾಮಾನು ಕಣ್ ದೊಡ್ಡಮ್ಮ" ಅಂದೆ ಒಮ್ಮೆ.

"ಒಲೆಗೆ ರಂಗೋಲಿ ಬಿಟ್ಟು ಕೈ ಮುಗಿಯಲ್ವೇನೋ ದಿನಾ? ಬಂದ್ಬಿಟ್ಟ ದೊಡ್ಡ ಮೇಷ್ಟ್ರು!"

ಭಕ್ತಿಗಿಂತ ದೊಡ್ಡದು ಭಯ. ಬೀದಿಯಲ್ಲಿ ಗುಜರಿಯವನು "ಹಳೇ ಹಿತ್ತಾಳೆ, ತಾಮ್ರಾ..." ಎಂದು ಕೂಗಿದರೆ ಸಾಕು, ದೊಡ್ಡಮ್ಮನ ಬಿಪಿ ಏರುತ್ತದೆ, ಬಾಗಿಲಿಗೆ ಚಿಲಕ ಬೀಳುತ್ತದೆ. ಮುಳಬಾಗಿಲಿನ ಮದುವೆಗೆ ಎಲ್ಲರೂ ಹೊರಟಾಗ, ಖಾಲಿ ಮನೆಯಲ್ಲಿ ಸ್ವಾಮಿಯನ್ನು ಬಿಡುವುದುಂಟೇ? ಗೋಣಿಚೀಲಕ್ಕೆ ತುಂಬಿದರು.

"ಏನಮ್ಮಾ ಇಷ್ಟು ಭಾರ? ಲಗೇಜ್ ಟಿಕೆಟ್ ತಗೋ" ಅಂದ ಕಂಡಕ್ಟರ್.

"ನಂಗೆ ಫ್ರೀ, ದೇವ್ರಿಗೆ ಟಿಕೆಟ್ಟಾ? ಯಾವ ನ್ಯಾಯನಪ್ಪಾ ಇದು!"

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಚೀಲಕ್ಕೊಂದು ನಮಸ್ಕಾರ ಹಾಕಿ ಮುಂದೆ ಹೋದ.

ಈ ಸಲದ ಪುಷ್ಯದ ಚಳಿಯಲ್ಲಿ ಮಾತ್ರ ನಗು ನಿಂತುಹೋಯಿತು. ದೊಡ್ಡಪ್ಪ ಹೃದಯದ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಸಂಜೆಯಾಗುತ್ತಲೇ ನಡುಕ ಹತ್ತಿತು. ಮೂರು ಕಂಬಳಿ ಹೊದಿಸಿದರೂ ಕಾಲು ತಣ್ಣಗೆ ಕೊರೆಯುತ್ತಿತ್ತು. ಡಾಕ್ಟರಿಗೆ ಫೋನು ಮಾಡಿದೆ. "ಮೊದಲು ಬೆಚ್ಚಗಿಡಿ, ನಡುಕ ನಿಲ್ಲದಿದ್ದರೆ ತಕ್ಷಣ ಕರ್ಕೊಂಡ್ ಬನ್ನಿ" ಅಂದರು. ಕರೆಂಟಿಲ್ಲ, ಹೀಟರ್ ದಂಡ. ಬಣ್ಣ ಹೊಡೆಸುವಾಗ ಹೊಗೆಗೂಡು ಗುಡಿಸಿದ್ದೇ ಪುಣ್ಯವೆಂದು ನಾನು ಅಗ್ಗಿಷ್ಟಿಕೆಗೆ ಮಾವಿನ ಸೌದೆ ಒಟ್ಟಿ ಬೆಂಕಿ ಹಚ್ಚಿದೆ. ನೆಲಕ್ಕಂಟಿದ ಸೌದೆಗೆ ಗಾಳಿಯಾಡದೆ ಬರೀ ಹೊಗೆ. ದೊಡ್ಡಪ್ಪ ಕೆಮ್ಮತೊಡಗಿದರು. ಸಿಂಹಗಳು ಬೇಕಿತ್ತು. ಕೇಳಲು ನನಗೆ ಬಾಯಿ ಬರಲಿಲ್ಲ.

ದೊಡ್ಡಮ್ಮ ಎದ್ದು ದೇವರಮನೆಗೆ ಹೋದರು. ಹೂವು ತೆಗೆದರು. ಸೆರಗಿನಿಂದ ಕುಂಕುಮ ಒರೆಸಿದರು. "ಓರ್ಚುಕೋ ಸ್ವಾಮಿ, ಸ್ವಲ್ಪ ತಡ್ಕೋ" ಎನ್ನುತ್ತ ಎರಡನ್ನೂ ತಂದು ಅಗ್ಗಿಷ್ಟಿಕೆಯಲ್ಲಿಟ್ಟು, ತಾವೇ ಅವುಗಳ ಬೆನ್ನಿಗೆ ಸೌದೆ ಏರಿಸಿದರು. ಬೆಂಕಿ ಭಗ್ಗೆಂದು ಹತ್ತಿಕೊಂಡಿತು. ಹಜಾರವೆಲ್ಲ ಬೆಚ್ಚಗಾಯಿತು.

"ಲೇ, ಸ್ವಾಮಿ ಮುಖ ಎಲ್ಲಾ ಮಸಿ ಆಯ್ತಲ್ಲೇ" ಅಂದರು ದೊಡ್ಡಪ್ಪ. ಆ ದನಿಯಲ್ಲಿ ನಡುಕವಿರಲಿಲ್ಲ.

ದೊಡ್ಡಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡಪ್ಪನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದರು.

"ಬೆಚ್ಚಗಾಯ್ತೇನ್ರೀ?"

"ಹೂಂ ಕಣೇ."

ಆಗ ದೊಡ್ಡಮ್ಮ ಆ ಪಾದಗಳ ಮೇಲೆ ತಲೆಯಿಟ್ಟು ಅತ್ತರು.