ಪೊಮರೂನ್ ತಂಡದ ಕೊನೆಯ ಅಧ್ಯಾಯ

ಸುಗ್ರಿಮನ ಕೆಲಸ ಇಷ್ಟೇ: ಸಮುದ್ರ ಇಳಿದಾಗ ಕಾಲುವೆಯ ತೂಬಿನ ಬಾಗಿಲೆತ್ತಿ ಊರಿನ ನೀರು ಹೊರಗೆ ಬಿಡುವುದು, ಉಬ್ಬರ ಏರುವ ಮೊದಲು ಬಾಗಿಲು ಇಳಿಸುವುದು. ಊರು ಸಮುದ್ರಕ್ಕಿಂತ ತಗ್ಗಿನಲ್ಲಿತ್ತು. ಮೂವತ್ತೈದು ವರ್ಷಗಳ ನೌಕರಿಯಲ್ಲಿ ಅವನು ಮರೆತದ್ದು ಒಂದೇ ಸಲ.

ಆ ಒಂದು ಸಲದಿಂದಲೇ ಪೊಮರೂನ್ ಪ್ರಾಂತ್ಯದ ಕ್ರಿಕೆಟ್ ತಂಡದ ಪ್ರಾಣ ಹೋಗಿತ್ತು. ಹುಟ್ಟಿ ಮೂರನೆಯ ಪಂದ್ಯ. ಹನ್ನೆರಡನೆಯವನಾಗಿ ನೀರು ಹೊರುತ್ತಿದ್ದ ಸುಗ್ರಿಮನನ್ನು, ಯಾರದೋ ಕಾಲು ಉಳುಕಿತೆಂದು ಫೀಲ್ಡಿಂಗಿಗೆ ಕರೆದರು. ಮದುಮಗನಂತೆ ಬೀಗುತ್ತ ಬೌಂಡರಿಯಲ್ಲಿ ನಿಂತವನಿಗೆ ತೂಬಿನ ನೆನಪೆಲ್ಲಿ? ಸಂಜೆಗೆ ಪಿಚ್ಚಿನ ಮೇಲೆ ಬಾತುಕೋಳಿಗಳು ಈಜುತ್ತಿದ್ದವು. ಕ್ರಿಕೆಟ್ ಮಂಡಳಿಯವರು ಮೈದಾನವನ್ನೂ ತಂಡವನ್ನೂ ಒಟ್ಟಿಗೇ ರದ್ದು ಮಾಡಿದರು. "ಸಮುದ್ರ ತಡೆಗೋಡೆ ಹಾರಿ ಬಂತು" ಎಂದಿದ್ದ ಸುಗ್ರಿಮ. ಅಂದಿನಿಂದ ಕ್ರಿಕೆಟ್ಟಿನ ಮಾತು ಬಂದರೆ ಸಾಕು, ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದ.

ಇವತ್ತು ಲೈಲಾ ಟೀಚರ್ ಬರೆದ ಆ ತಂಡದ ಚರಿತ್ರೆಯ ಬಿಡುಗಡೆ. ಪಕ್ಕದ ಮನೆಯ ಕಾಂಪ್ಟನ್ ಬೇಲಿಯಾಚೆಯಿಂದಲೇ ಕೂಗಿದ.

"ಚಾಚಾ, ಹೊರಡು! ನಿನ್ನ ಸ್ಟೇಜ್ ಮೇಲೆ ಕೂರಿಸ್ತಾರಂತೆ."

"ತೂಬು ತೆಗೆದಿದೆ ಕಣೋ. ನಾಲ್ಕಕ್ಕೆ ಬಾಗಿಲು ಇಳಿಸ್ಬೇಕು."

"ಮೂರೂವರೆಗೆಲ್ಲ ಮುಗಿಯುತ್ತೆ ಬಾ ಮಾರಾಯ!"

ಹೆಂಡತಿ ದುಲಾರಿ ಆಗಲೇ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು. "ಒಂದಿನನಾದ್ರೂ ಮನುಷ್ಯರ ಹಾಗೆ ನಾಲ್ಕು ಜನರ ಮುಂದೆ ಕೂತ್ಕೊಳ್ಳಿ."

ಮೈದಾನದ ಪಕ್ಕದ ಶಾಲೆಯಲ್ಲಿ ಸಭೆ. ಭಾಷಣಗಳು ಒದ್ದೆ ಹಗ್ಗದಂತೆ ಎಳೆದಷ್ಟೂ ಉದ್ದವಾದವು. ಕೊನೆಗೆ ಮುದಿ ಕ್ಯಾಪ್ಟನ್ ಬಿಸ್ನಾಥ್ ಎದ್ದ. "ನಮ್ಮನ್ನ ಸೋಲಿಸಿದ್ದು ಸಮುದ್ರ ಒಂದೇ!"

ಚಪ್ಪಾಳೆ. ಒಂದೊಂದೂ ಸುಗ್ರಿಮನ ಕೆನ್ನೆಗೇ ಬಿದ್ದಂತಾಯಿತು. ಇನ್ನು ತಡೆಯಲಾರದೆ ಮೈಕು ಕಿತ್ತುಕೊಂಡ. "ಸಮುದ್ರದ್ದೇನೂ ತಪ್ಪಿಲ್ಲ... ಬಾಗಿಲು ಇಳಿಸೋದು ಮರೆತವನು ನಾನು" ಎಂದು ಶುರು ಮಾಡಿದವನು ಬಿಕ್ಕುತ್ತ, ಮೂಗು ಒರೆಸಿಕೊಳ್ಳುತ್ತ, ಅರ್ಧ ಗಂಟೆ ತನ್ನನ್ನೇ ಬೈದುಕೊಂಡ.

ಬಿಸ್ನಾಥ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೋ ಪೆದ್ದ, ಅದು ಅವತ್ತೇ ಊರಿಗೆಲ್ಲ ಗೊತ್ತಿತ್ತು! ಎದುರಿನ ತಂಡಕ್ಕೆ ಬೇಕಾಗಿದ್ದು ಮೂರೇ ರನ್, ವಿಕೆಟ್ ಹತ್ತೂ ಕೈಲಿತ್ತು. ಪುಣ್ಯಾತ್ಮ ಮಾನ ಉಳಿಸಿದ ಅಂತ ನಾವೇ ಬಾಯಿ ಮುಚ್ಕೊಂಡ್ವಿ."

ಎಲ್ಲರೂ ನಕ್ಕರು. ಸುಗ್ರಿಮನೂ ನಕ್ಕ. ಎಷ್ಟೋ ವರ್ಷಗಳ ಮೇಲೆ ನೆಟ್ಟಗೆ ತಲೆಯೆತ್ತಿದ.

ಮುಂದಿನ ಸಾಲಿನಲ್ಲಿ ದುಲಾರಿ ಮಾತ್ರ ನಗಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಎರಡೂ ಕಾಲು ಕುರ್ಚಿಯ ಮೇಲಿಟ್ಟುಕೊಂಡು ಕೇಳಿದಳು:

"ರೀ, ಈಗ ಗಂಟೆ ಎಷ್ಟು?"

ಲೈಲಾ ಟೀಚರ್ ಪುಸ್ತಕದ ಕಟ್ಟುಗಳನ್ನು ತಲೆಯ ಮೇಲೆ ಹೊತ್ತುಕೊಂಡರು. ಬಾಗಿಲಿನಿಂದ ಮೊದಲನೆಯ ಬಾತುಕೋಳಿ ಒಳಗೆ ಈಜಿ ಬಂದಿತ್ತು.

ಸುಗ್ರಿಮ ಮತ್ತೆ ತಲೆ ತಗ್ಗಿಸಿದ.