ಕಾಕಾನ ಮೋಟಾರಿಗೆ ಕೋಡು ಮೂಡಿದ್ದು

ಹಿಂಡಿ ತಿನ್ನಿಸಲಿಲ್ಲ ಎಂಬುದೊಂದನ್ನು ಬಿಟ್ಟರೆ, ಎತ್ತಿಗೆ ಮಾಡುವ ಉಪಚಾರವನ್ನೆಲ್ಲ ನಮ್ಮ ಕಾಕಾ ತನ್ನ ಮೋಟಾರಿಗೆ ಮಾಡಿದ್ದಾನೆ! ನಗಬೇಡಿ. ಅಂದರೆ, ಈಗಲೇ ನಗಬೇಡಿ, ಮುಂದೆ ಬೇಕಾದಷ್ಟಿದೆ.

ಬ್ರಿಟಿಷರ ಕಾಲ. ಮೂಡಲಗಿಯಲ್ಲಿ ಮೋಟಾರು ಎಂದರೆ ಮಾಮಲೇದಾರ ಸಾಹೇಬರು ಬಂದಾಗ ಜನ ಓಡಿ ಹೋಗಿ ನೋಡುವ ವಸ್ತು. ಅಂಥದರಲ್ಲಿ ಕಾಕಾ, ಕೊಲ್ಹಾಪುರದ ಕಡೆಯ ಯಾರೋ ಸರದಾರರು ಓಡಿಸಿ ಬಿಟ್ಟ ಹಳೇ ಮೋಟಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದ. ಶೋಕಿಗಲ್ಲ ಮತ್ತೆ! ಅವನ ಮಗಳನ್ನು ಸಂಕೇಶ್ವರಕ್ಕೆ ಕೊಟ್ಟಿತ್ತು. ಚೊಚ್ಚಿಲ ಕೂಸು ಉಳಿದಿರಲಿಲ್ಲ. ಈಗ ಮತ್ತೆ ದಿನ ತುಂಬುತ್ತಿತ್ತು; ಅತ್ತೆಮನೆಯವರು ಈ ಸಲ ತವರಿಗೆ ಕಳಿಸಲಿಲ್ಲ. "ಅವ್ವ ಬಾಜೂಕ ಇದ್ರ ನನಗ ಹೆದರಿಕಿ ಇಲ್ಲ" ಎಂದು ಅವಳು ಹೇಳಿ ಕಳಿಸಿದ್ದಳು. ಅವ್ವ ಎಂದರೆ ನಮ್ಮ ಕಾಕು. ಅವಳೋ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಳು. ಚಕ್ಕಡಿಯ ಕುಲುಕಾಟ ಕೂಡದೆಂದು ವೈದ್ಯರ ಕಟ್ಟಪ್ಪಣೆ. ಅದಕ್ಕೇ ಮೋಟಾರು.

ಕಾಕು ಅದನ್ನು ಒಂದು ಸುತ್ತು ಹಾಕಿ ನೋಡಿ ಮುಖ ಸಿಂಡರಿಸಿದಳು.

"ಕರೀ ಮಾರಿ, ಬೋಳ ಹಣಿ! ಇದರಾಗ ಕೂತು ಬಸರಿ ಮಗಳ ಮನಿಗೆ ಹೋಗ್ಲೇನು? ಒಮ್ಮಿ ಆಗಿದ್ದು ಸಾಕಾಗಿಲ್ಲೇನ್ರಿ?"

ಮರುದಿನವೇ ಮೋಟಾರು ಗೋಕಾಕಕ್ಕೆ ಹೋಯಿತು, ಕಟ್ಟಿಗೆಯ ಗೊಂಬೆ ಮಾಡುವವರ ಓಣಿಗೆ! ಜೊತೆಗೆ ನಾನು, ಅವನ ಅಣ್ಣನ ಮಗಳು. ಮೋಟಾರು ನಿಂತಲ್ಲಿ ನೂಕಲು ಆಳು ಬೇಕಲ್ಲ?

"ನಮ್ಮ ಗೊಂಬಿ ಗೇಣುದ್ದ ಇರ್ತಾವ್ರಿ" ಎಂದ ಗೊಂಬೆಯವ, ಮೋಟಾರು ನೋಡಿ ಕಂಗಾಲಾಗಿ.

"ಇದೂ ಗೊಂಬಿನ ಅಂತ ತಿಳಿ. ಒಂದೀಟು ಚಲೋ ಬೆಳದೈತಿ!"

ಮೈತುಂಬ ಅರಿಶಿನ ಬಣ್ಣ ಬಂತು. ಬಾಗಿಲಿಗೊಂದು ಗಿಳಿ, ಬೆನ್ನಿಗೆ ಬಾಳೆಗೊನೆ, ಪಕ್ಕೆಗೆ ಮಾವು, ಪೇರಲ. ಮೇಲೆ ವಾರ್ನೀಸು ಹಚ್ಚದೆ ಒಯ್ಯಬೇಡಿರೆಂದು ಗೊಂಬೆಯವ ಕೈಮುಗಿದ. ಕೇಳುವವನೇ ಕಾಕಾ? ದಾರಿಯಲ್ಲಿ ಮಂಗವೊಂದು ಹಾರಿ ಬಂದು ಮಾವಿನ ಹಣ್ಣನ್ನು ಕೆರೆದು ಕೆರೆದು ನೋಡಿತು. ಕಾಕಾನಿಗೆ ಸ್ವರ್ಗ ಮೂರೇ ಗೇಣು! "ನೋಡಿದೇನು? ಮಂಗ್ಯಾಗ ಸೈತ ಖರೆ ಅನಿಸ್ತು!"

ಕಾಕು ಮಾತ್ರ ಮಂಗನಷ್ಟು ಸುಲಭಕ್ಕೆ ಒಲಿಯಲಿಲ್ಲ. "ಚಂದೇನೋ ಐತ್ರಿ. ಆದ್ರ ಕೋಡಿಲ್ಲ, ಕಣ್ಣಿಲ್ಲ. ಕುಂಕುಮ ಎಲ್ಲಿ ಹಚ್ಚಲಿ?"

ಕಾಕುವಿನ ಪದ್ಧತಿ ನಿಮಗೆ ಗೊತ್ತಿಲ್ಲ. ಚಕ್ಕಡಿ ಹತ್ತುವ ಮೊದಲು ಎತ್ತಿನ ಹಣೆಗೆ ಕುಂಕುಮ ಹಚ್ಚಿ, "ಹೋಗಿ ಬರೂಣಪಾ" ಎನ್ನುವಳು. ಎತ್ತು ತಲೆ ಅಲ್ಲಾಡಿಸಿದರೆ ಮಾತ್ರ ಹತ್ತುವಳು. ಚೊಚ್ಚಿಲ ಹೆರಿಗೆಗೆ ಮಗಳನ್ನು ಕರೆತರುವ ಗಡಿಬಿಡಿಯಲ್ಲಿ ಅದೊಂದನ್ನು ಮರೆತಿದ್ದಳಂತೆ. ಆ ನೋವು ಅವಳನ್ನು ಬಿಟ್ಟಿರಲಿಲ್ಲ.

ಸರಿ, ಮೋಟಾರಿಗೆ ಕೋಡು ಮೂಡಿದವು! ಖರೇ ಕೋಡು, ತುದಿಗೆ ಹಿತ್ತಾಳೆಯ ಅಣಸು, ಬುಡಕ್ಕೆ ಕೆಂಪು ಗೊಂಡೆ, ಕೊರಳಿಗೆ ಗೆಜ್ಜೆಸರ. ದೀಪಗಳ ಸುತ್ತ ಕಾಡಿಗೆ ಬಳಿದು ಕಣ್ಣೂ ಬಂದವು. ಪೇಟೆಯಲ್ಲಿ ಹೊರಟರೆ ಎದುರಿನ ಚಕ್ಕಡಿಯವ ಎದ್ದು ನಿಂತು ಕೂಗಿದ: "ಕಾಕಾರ, ನಿಮ್ಮ ಎತ್ತ ಹಿಡ್ಕೋರಿ! ನನ್ನ ಎತ್ತ ಬೆದರಾಕತ್ತೈತಿ!"

ಕಾಕು ಕುಂಕುಮ ಹಚ್ಚಿದಳು. "ಹೋಗಿ ಬರೂಣಪಾ" ಎಂದಳು. ಕಾಯ್ದಳು. ಮೋಟಾರು ಸುಮ್ಮನಿತ್ತು. ಕಾಕಾ ನನಗೆ ಕಣ್ಣು ಹೊಡೆದ. ನಾನು ಹಿಂದಿನಿಂದ ಕುಲುಕಿದೆ. "ನೋಡ, ಹೂಂ ಅಂತು!" ಎಂದ ಕಾಕಾ.

"ಅಂದಾಕಿ ಅಕೀನ" ಎಂದು ಕಾಕು ನನ್ನತ್ತ ಬೆರಳು ತೋರಿಸಿ ಒಳಗೆ ನಡೆದಳು.

ವಾರ್ನೀಸು ಹಚ್ಚಿಸಿದರೆ ಹೊಳಪಿಗಾದರೂ ಒಲಿಯಬಹುದೆಂದು ಮತ್ತೆ ಗೋಕಾಕಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು ನೋಡಿ! ಗಿಳಿ ಕರಗಿ ಪೇರಲದ ಮೇಲೆ, ಪೇರಲ ಕರಗಿ ಮಾವಿನ ಮೇಲೆ. ಕಾಡಿಗೆ ಕೆನ್ನೆಗಿಳಿದು ಮೋಟಾರು ಅತ್ತಂತೆ ಕಂಡಿತು. ಒಂದು ಕೋಡು ಎಲ್ಲೋ ಬಿದ್ದೇ ಹೋಯಿತು. ತಿರುಗಿ ಮನೆಗೆ ಬಂದರೆ ಕಟ್ಟೆಯ ಮೇಲೆ ಸಂಕೇಶ್ವರದ ಆಳು ಕೂತಿದ್ದ. ಮಗಳಿಗೆ ನೋವು ಶುರುವಾಗಿದೆ, ಅವ್ವನ ಹೆಸರು ಹಿಡಿದು ಕೂಗುತ್ತಿದ್ದಾಳೆ.

ಕಾಕಾ ಮೋಟಾರಿನ ಕಡೆ ನೋಡಿದ. ಊರನ್ನೇ ನಗಿಸಿದ ಮನುಷ್ಯ ಉಳಿದೊಂದು ಕೋಡನ್ನು ಹಿಡಿದು ನಿಂತ. "ಬಣ್ಣಾ ಹೋತು... ಕೋಡೂ ಹೋತು. ಈಗೇನು ಮಾಡ್ಲಿ?"

ಕಾಕು ಸೊಂಟದ ಮೇಲೆ ಕೈಯಿಟ್ಟುಕೊಂಡೇ ಹೊರಗೆ ಬಂದಳು. ಕೈಯಲ್ಲಿ ಕುಂಕುಮದ ಭರಣಿ. ಮೋಟಾರಿನತ್ತ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಕಾಕಾನ ಮುಂದೆ ನಿಂತು, ಅವನ ವಿಭೂತಿಯ ಕೆಳಗೆ ಕುಂಕುಮವಿಟ್ಟಳು.

"ಇಷ್ಟ ದಿನಾ ಸಂಸಾರ ಎಳದಾವ್ರು ನೀವಲ್ಲೇನ್ರಿ? ಹೋಗಿ ಬರೂಣ."

ಅಷ್ಟು ಹೇಳಿ ಕಾಯ್ದಳು. ಕಾಕಾ ಮೆಲ್ಲಗೆ ತಲೆ ಅಲ್ಲಾಡಿಸಿದ. ಅವಳು ಹತ್ತಿ ಕೂತಳು.

ನನ್ನನ್ನೂ ಹಿಂದೆ ಕೂರಿಸಿಕೊಂಡು ಹೊರಟ ಕಾಕಾ ದಾರಿಯುದ್ದಕ್ಕೂ ಹಾರ್ನನ್ನೂ ಒತ್ತಲಿಲ್ಲ. ಹುಕ್ಕೇರಿ ದಾಟುವ ಹೊತ್ತಿಗೆ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲಿಳಿದಿತ್ತು. ಸಂಕೇಶ್ವರ ಮುಟ್ಟಿದಾಗ ಕೂಸು ಇನ್ನೂ ಹುಟ್ಟಿರಲಿಲ್ಲ. ಕಾಕು ಒಳಗೆ ಹೋದಳು. ಮಗಳ ಕೂಗು ಸಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಬೇರೆಯೇ ಒಂದು ಕೂಗು ಕೇಳಿತು, ಹೊಚ್ಚ ಹೊಸದು, ಗಟ್ಟಿಯದು. ನನಗೆ ಅಳು ಬಂತು.

"ಕಾಕಾ, ಮೂಗಿನ ಮ್ಯಾಲಿನ ಕುಂಕುಮ ಒರಸ್ಕೋ" ಎಂದೆ, ಸೆರಗಿನ ತುದಿ ಚಾಚಿ.

"ಮುಟ್ಟಬ್ಯಾಡ" ಎಂದ ಕಾಕಾ. "ಇನ್ನ ಹೊಳ್ಳಿ ಹೋಗೂದೈತಿ, ಕೂಸಿನ ಕರಕೊಂಡು."